ಸೌದಿ ಅರೇಬಿಯಾದ ಪ್ರಾಂತಾಡಳಿತ: ಅಮೀರನ ಗದ್ದುಗೆಯಿಂದ ಪ್ರಾಂತಶಾಸನದವರೆಗೆ

ಯಾವುದೇ ರಾಜ್ಯದ ಆಡಳಿತ ವ್ಯವಸ್ಥೆಯನ್ನು ವಿವರಿಸಹೊರಟವರು ರಾಜಧಾನಿಯಿಂದ ಮೊದಲುಮಾಡಿ ಪ್ರಾಂತಕ್ಕೂ, ಪ್ರಾಂತದಿಂದ ಜಿಲ್ಲೆಗೂ, ಅಲ್ಲಿಂದ ಗ್ರಾಮಕ್ಕೂ ಇಳಿದುಬರುವುದು ವಾಡಿಕೆ. ಮೇಲಿರುವ ಅಧಿಕಾರವೇ ಕೆಳಗೆ ಹಂಚಿಹೋಗುತ್ತದೆಂಬ ಭಾವನೆ ಈ ಕ್ರಮದ ಹಿಂದಿದೆ. ಸೌದಿ ಅರೇಬಿಯಾದ ವಿಷಯದಲ್ಲಿ ಈ ಕ್ರಮವು ಚರಿತ್ರೆಗೆ ಹೊಂದುವುದಿಲ್ಲ. ಆ ರಾಜ್ಯಕ್ಕೆ ಈಗಿನ ಹೆಸರು ಬಂದುದು ೧೯೩೨ರ ಸೆಪ್ಟೆಂಬರ್ ೨೩ರಂದು. ಅದಕ್ಕೊಂದು ಮಂತ್ರಿಮಂಡಲ ಏರ್ಪಟ್ಟುದು ೧೯೫೩ರಲ್ಲಿ. ಆದರೆ ಅಲ್ ಹಸಾ ಪ್ರಾಂತದಲ್ಲಿ ಅಮೀರನೊಬ್ಬನು ೧೯೧೩ರಿಂದಲೂ, ಹಾಯಿಲ್ ಪ್ರಾಂತದಲ್ಲಿ ಮತ್ತೊಬ್ಬನು ೧೯೨೦ರ ದಶಕದಿಂದಲೂ ಆಳುತ್ತಿದ್ದರು. ಎಂದರೆ ಇಲ್ಲಿ ರಾಜ್ಯವು ತನ್ನನ್ನು ಪ್ರಾಂತಗಳಾಗಿ ವಿಭಾಗಿಸಿಕೊಳ್ಳಲಿಲ್ಲ. ಪ್ರಾಂತಗಳು ಒಂದೊಂದಾಗಿ ಕೂಡಿ ರಾಜ್ಯವಾಯಿತು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ೧೯೯೨ರ ಪ್ರಾಂತಶಾಸನವನ್ನು ಓದಿದರೆ ಅದು ಇತರ ದೇಶಗಳ ಶಾಸನಗಳಂತೆಯೇ ಕಾಣುತ್ತದೆ. ಹಾಗಲ್ಲವೆಂಬುದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಅಬ್ದುಲ್ ಅಜೀಜ್ ಇಬ್ನ್ ಸೌದನು ೧೯೦೨ರಲ್ಲಿ ಕೆಲವೇ ಮಂದಿ ಸಂಗಡಿಗರೊಡನೆ ರಿಯಾದ್ ನಗರವನ್ನು ಹಿಡಿದನು. ೧೯೧೩ರಲ್ಲಿ ಪೂರ್ವ ಕರಾವಳಿಯ ಅಲ್ ಹಸಾ ಪ್ರದೇಶವನ್ನು ತುರ್ಕರಿಂದ ಕಸಿದುಕೊಂಡನು. ೧೯೨೧ರಲ್ಲಿ ಇಬ್ನ್ ರಶೀದರ ಹಾಯಿಲ್ ಬಿದ್ದಿತು. ನೈಋತ್ಯದ ಅಸೀರ್ ಬೆಟ್ಟಸೀಮೆ ಆ ದಶಕದ ಆದಿಯಲ್ಲಿಯೇ ವಶವಾಯಿತು. ೧೯೨೪ರಲ್ಲಿ ಮೆಕ್ಕಾ, ೧೯೨೫ರ ಕೊನೆಯಲ್ಲಿ ಮದೀನಾ ಮತ್ತು ಜೆದ್ದಾ ನಗರಗಳು ಅವನ ಕೈಸೇರಿದುವು. ಜೀಜಾನ್ ೧೯೩೦ರಲ್ಲಿ ಸೇರಿತು. ಯೆಮನಿನೊಡನೆ ಯುದ್ಧವಾಗಿ ೧೯೩೪ರ ತಾಯಿಫ್ ಒಪ್ಪಂದದಿಂದ ನಜ್ರಾನ್ ಸ್ಥಿರವಾಗಿ ಉಳಿಯಿತು. ಒಂದೊಂದು ಪ್ರದೇಶವು ಕೈಸೇರಿದಾಗಲೂ ಅಲ್ಲಿ ನಂಬಿಕೆಯ ಒಬ್ಬನನ್ನು ಅಮೀರನೆಂದು ಕೂರಿಸಿ ದೊರೆಯು ಮುಂದೆ ಸಾಗುತ್ತಿದ್ದನು. ಇಂದಿನ ಪ್ರಾಂತಗಳ ಪಟ್ಟಿಯನ್ನು ಈ ದಿಗ್ವಿಜಯದ ಪಟ್ಟಿಯೊಡನೆ ಹೋಲಿಸಿ ನೋಡಿದರೆ ಎರಡಕ್ಕೂ ಇರುವ ಸಾಮ್ಯವು ಸ್ಪಷ್ಟವಾಗುತ್ತದೆ.

ಅಮೀರನೆಂಬ ಪದಕ್ಕೆ ಅರಬ್ಬಿಯಲ್ಲಿ ಆಜ್ಞೆ ಮಾಡುವವನೆಂಬ ಅರ್ಥವಿದೆ. ಅದು ರಾಜಕುಮಾರನಿಗೂ ಸಲ್ಲುವ ಮಾತು, ಪ್ರಾಂತಾಧಿಪತಿಗೂ ಸಲ್ಲುವ ಮಾತು. ಸೌದಿ ರಾಜ್ಯದಲ್ಲಿ ಈ ಎರಡು ಅರ್ಥಗಳು ಬಹುಮಟ್ಟಿಗೆ ಒಂದರೊಳಗೊಂದು ಬೆರೆತಿವೆ. ಮೊದಲಿನ ಅಮೀರರ ಕೆಲಸ ಸರಳವಾದುದು: ಕುಲಗಳ ನಡುವೆ ಶಾಂತಿಯನ್ನು ಕಾಯುವುದು, ದಾರಿಗಳನ್ನು ನಿರ್ಭಯಗೊಳಿಸುವುದು, ದಂಡಯಾತ್ರೆಗೆ ಜನರನ್ನು ಕೂಡಿಸಿ ಕಳುಹಿಸುವುದು, ಜಕಾತ್ ಸಂಗ್ರಹಕ್ಕೆ ಬೆಂಬಲವಾಗಿ ನಿಲ್ಲುವುದು, ಖಾಜಿಯು ಕೊಟ್ಟ ತೀರ್ಪನ್ನು ನಡೆಯಿಸುವುದು. (ನಮ್ಮ ನುಡಿಯ ‘ಜಕಾತಿ’ ಈ ಜಕಾತಿನಿಂದಲೇ ಬಂದುದು, ಆದರೆ ಧಾರ್ಮಿಕ ದೇಯವೆಂಬ ಮೂಲಾರ್ಥವು ಇಲ್ಲಿ ಮರೆಯಾಗಿ ಸುಂಕವೆಂಬ ಅರ್ಥ ನಿಂತಿದೆ.) ನ್ಯಾಯ ನಿರ್ಣಯವು ಖಾಜಿಯದು, ನಿರ್ವಾಹವು ಅಮೀರನದು ಎಂಬ ವಿಭಾಗ ಬಹು ಹಿಂದಿನದು. ಇದನ್ನು ಬಿಟ್ಟರೆ ಅಮೀರನ ಅಧಿಕಾರಕ್ಕೆ ಬರೆಹದ ಎಲ್ಲೆಯಿರಲಿಲ್ಲ. ದೊರೆಗೆ ಅವನಲ್ಲಿದ್ದ ವಿಶ್ವಾಸವೇ ಎಲ್ಲೆ.

ಆ ವಿಶ್ವಾಸವು ಬಂಧುತ್ವದ ಮೇಲೆ ನಿಂತಿತ್ತು. ರಿಯಾದ್ ಕೋಟೆಯ ಮೇಲಿನ ದಾಳಿಯಲ್ಲಿ ಇಬ್ನ್ ರಶೀದನ ಅಧಿಕಾರಿಯನ್ನು ಕೊಂದವನೆಂದು ಪ್ರಸಿದ್ಧನಾದ ಅಬ್ದುಲ್ಲಾ ಬಿನ್ ಜಿಲುವಿಯು ದೊರೆಯ ದಾಯಾದಿ. ಅವನಿಗೆ ಅಲ್ ಹಸಾ ದೊರೆಯಿತು. ಅದೇ ಮನೆತನದ ಅಬ್ದುಲ್ ಅಜೀಜ್ ಬಿನ್ ಮುಸಾಯಿದನು ಹಾಯಿಲ್‌ನಲ್ಲಿ ಸುಮಾರು ಅರ್ಧ ಶತಮಾನದಷ್ಟು ಕಾಲ ಆಳಿದನು. ದೊರೆಯ ತಾಯಿಯ ಕಡೆಯವರಾದ ಸುದೈರಿ ಮನೆತನದವರು ಅಸೀರ್, ಜೀಜಾನ್ ಮತ್ತು ಉತ್ತರದ ಗಡಿಪ್ರದೇಶಗಳಲ್ಲಿ ಅಮೀರರಾಗಿ ಬಂದರು. ಈ ಜಾಲವು ಎಷ್ಟು ದೀರ್ಘವಾಗಿ ನಿಂತಿತೆಂಬುದಕ್ಕೆ ಒಂದೇ ನಿದರ್ಶನ ಸಾಕು: ಹಾಯಿಲ್‌ನ ಆ ಮುಸಾಯಿದ ವಂಶದ ಅಮೀರನ ಮಗ ಜಿಲುವಿ ಬಿನ್ ಅಬ್ದುಲ್ ಅಜೀಜರು ೨೦೧೪ರಲ್ಲಿ ನಜ್ರಾನಿನ ಅಮೀರರಾಗಿ ನೇಮಕಗೊಂಡರು.

ಹಿಜಾಜಿನ ಮಾತು ಬೇರೆ. ಮೆಕ್ಕಾ, ಮದೀನಾ, ಜೆದ್ದಾ ನಗರಗಳಲ್ಲಿ ತುರ್ಕರ ಕಾಲದಿಂದಲೂ ಪುರಸಭೆ, ಸುಂಕದಕಟ್ಟೆ, ಕಾರಕೂನರು, ದಫ್ತರಗಳು ಇದ್ದುವು. ಹಜ್ ಯಾತ್ರಿಕರ ವರಮಾನ, ಕ್ವಾರಂಟೈನ್, ಒಂಟೆಗಳ ಬಾಡಿಗೆ, ಹೊರದೇಶಗಳ ಪ್ರತಿನಿಧಿಗಳೊಡನೆ ವ್ಯವಹಾರ ಇವೆಲ್ಲವನ್ನೂ ನಡೆಸಲು ನೆಜ್ದಿನ ಬಯಲುಸೀಮೆಯ ಕ್ರಮವು ಸಾಲುತ್ತಿರಲಿಲ್ಲ. ಇಬ್ನ್ ಸೌದನು ಇದನ್ನು ಅರಿತು ಹಿಜಾಜನ್ನು ಬೇರೆ ರಾಜ್ಯವಾಗಿಯೇ ಇರಿಸಿ, ತನ್ನ ಮಗ ಫೈಸಲನನ್ನು ಅಲ್ಲಿ ನಾಯಿಬನನ್ನಾಗಿ, ಎಂದರೆ ತನ್ನ ಪ್ರತಿನಿಧಿಯನ್ನಾಗಿ ನೇಮಿಸಿದನು. ೧೯೨೬ರ ಆಗಸ್ಟಿನಲ್ಲಿ ಹೊರಟ ಮೂಲಸೂತ್ರಗಳು ಈ ದೃಷ್ಟಿಯಿಂದ ಬಹಳ ಮುಖ್ಯವಾದುವು. ಮೆಕ್ಕಾದಲ್ಲಿ ಒಂದು ಶೂರಾ ಸಭೆ, ಮದೀನಾ ಮತ್ತು ಜೆದ್ದಾಗಳಲ್ಲಿ ಆಡಳಿತ ಸಭೆಗಳು, ಅವುಗಳ ಕೆಳಗೆ ಗ್ರಾಮಗಳಿಗೂ ಕುಲಗಳಿಗೂ ಸಭೆಗಳು, ಇದಲ್ಲದೆ ಪುರಸಭೆಗಳು ಎಂದು ಅವು ವಿಧಿಸಿದುವು. ಕಾಗದದ ಮೇಲಿನ ಈ ವ್ಯವಸ್ಥೆಯೆಲ್ಲವೂ ಒಂದೇ ಸಮನಾಗಿ ನಡೆಯಿತೆಂದು ಹೇಳಲಾಗದು. ಆದರೂ ಗೆದ್ದವನು ಸೋತ ನಾಡಿನಿಂದ ಆಡಳಿತವನ್ನು ಕಲಿತನೆಂಬುದರಲ್ಲಿ ಸಂಶಯವಿಲ್ಲ. ಮುಂದೆ ರಾಜ್ಯಕ್ಕೆ ಒದಗಿದ ವಿದೇಶಾಂಗ, ಹಣಕಾಸು ಮೊದಲಾದ ಇಲಾಖೆಗಳು ಹಿಜಾಜಿನಲ್ಲಿಯೇ ಹುಟ್ಟಿ ಅನಂತರ ರಿಯಾದಿಗೆ ಹೋದುವು. ವಿದೇಶಾಂಗ ಇಲಾಖೆಯು ೧೯೩೦ರಲ್ಲಿಯೂ ಹಣಕಾಸಿನದು ೧೯೩೨ರಲ್ಲಿಯೂ ಸ್ಥಾಪಿತವಾದುವು.

೧೯೩೨ರಲ್ಲಿ ಎರಡು ರಾಜ್ಯಗಳೂ ಒಂದಾದ ಮೇಲೆ ಒಂದು ಪ್ರಶ್ನೆ ಎದುರಾಯಿತು. ಹಿಜಾಜಿನ ಸಭೆಗಳ ಕ್ರಮವನ್ನು ಉಳಿದ ಪ್ರಾಂತಗಳಿಗೂ ವಿಸ್ತರಿಸಬೇಕೆ, ಅಥವಾ ನೆಜ್ದಿನ ಅಮೀರಗಿರಿಯನ್ನು ಹಿಜಾಜಿಗೂ ತರಬೇಕೆ? ೧೯೪೦ರಲ್ಲಿ ಹೊರಟ ‘ಅಮೀರರ ಮತ್ತು ಆಡಳಿತ ಸಭೆಗಳ ಶಾಸನ’ವು ಹೆಸರಿನಲ್ಲಿಯೇ ಎರಡನ್ನೂ ಜೋಡಿಸಿದೆ. ಅಮೀರನ ಕರ್ತವ್ಯಗಳನ್ನು ಬರೆಹಕ್ಕೆ ಇಳಿಸಿದ ಮೊದಲ ಪ್ರಯತ್ನವೆಂದು ಅದಕ್ಕೆ ಬೆಲೆಯುಂಟು. ಆದರೆ ದೂರದ ಪ್ರಾಂತಗಳ ಅಮೀರರಿಗೆ ದೊರೆಯೊಡನೆ ನೇರ ಸಂಪರ್ಕವಿತ್ತು; ತಂತಿಯ ಮೂಲಕ ಅವನ ಅಪ್ಪಣೆ ಬರುತ್ತಿತ್ತು. ಶಾಸನವನ್ನು ನೋಡಿ ನಡೆಯಬೇಕಾದ ಅಗತ್ಯ ಅವರಿಗೆ ಅಷ್ಟಾಗಿ ತೋರಲಿಲ್ಲ.

ಈ ಹಳೆಯ ಅಮೀರಗಿರಿಯ ಶಕ್ತಿಯನ್ನೂ ಮಿತಿಯನ್ನೂ ತಿಳಿಯಲು ಪೂರ್ವ ಪ್ರಾಂತಕ್ಕಿಂತ ಉತ್ತಮವಾದ ಉದಾಹರಣೆಯಿಲ್ಲ. ೧೯೧೩ರಿಂದ ೧೯೮೫ರವರೆಗೆ, ಎಪ್ಪತ್ತೆರಡು ವರ್ಷಗಳ ಕಾಲ, ಈ ಪ್ರಾಂತವು ಜಿಲುವಿ ಎಂಬ ಒಂದೇ ಮನೆಯ ಕೈಯಲ್ಲಿತ್ತು: ತಂದೆ ಅಬ್ದುಲ್ಲಾ, ಅವನ ಮಗ ಸೌದ್, ಅನಂತರ ಇನ್ನೊಬ್ಬ ಮಗ ಅಬ್ದುಲ್ ಮುಹ್ಸಿನ್. ಮೊದಲಿನವನ ಕಾಲದಲ್ಲಿ ಖರ್ಜೂರದ ತೋಟಗಳೂ ಅಲೆಮಾರಿ ಕುಲಗಳೂ ಆಡಳಿತದ ಮುಖ್ಯ ವಿಷಯಗಳು. ಅವನ ದಂಡನೆಯ ಕಾಠಿಣ್ಯವನ್ನು ಆ ಕಾಲದ ಪ್ರವಾಸಿಗಳು ಬಹುವಾಗಿ ವರ್ಣಿಸಿದ್ದಾರೆ. ೧೯೩೩ರಲ್ಲಿ ಅಮೆರಿಕದ ಕಂಪನಿಗೆ ಎಣ್ಣೆಯ ಹಕ್ಕನ್ನು ಕೊಟ್ಟುದು, ೧೯೩೮ರಲ್ಲಿ ದಮ್ಮಾಮ್‌ನ ಏಳನೆಯ ಬಾವಿಯಲ್ಲಿ ಎಣ್ಣೆಯು ಹೇರಳವಾಗಿ ದೊರೆತುದು, ಇವುಗಳಿಂದ ಇಡೀ ಪ್ರಾಂತದ ಸ್ವರೂಪವೇ ಬದಲಾಯಿತು. ಧಹ್ರಾನಿನಲ್ಲಿ ಕಂಪನಿಯ ಊರು ಎದ್ದಿತು; ೧೯೫೧ರಲ್ಲಿ ದಮ್ಮಾಮಿನಿಂದ ರಿಯಾದಿಗೆ ರೈಲುದಾರಿ ಬಂದಿತು; ಅದೇ ದಶಕದ ಆದಿಯಲ್ಲಿ ಅಮೀರನ ಕಚೇರಿಯು ಹುಫೂಫ್ ಎಂಬ ಹಳೆಯ ಓಯಸಿಸ್ ಪಟ್ಟಣವನ್ನು ಬಿಟ್ಟು ಕರಾವಳಿಯ ದಮ್ಮಾಮಿಗೆ ಸಾಗಿತು.

ಅಕ್ಟೋಬರ್ ೧೯೫೩ರಲ್ಲಿ ಸುಮಾರು ೧೩,೦೦೦ ಮಂದಿ ಎಣ್ಣೆ ಕೆಲಸಗಾರರು ಮುಷ್ಕರ ಹೂಡಿದಾಗ ಈ ಬದಲಾವಣೆಯ ಅರ್ಥವು ಬಯಲಿಗೆ ಬಂದಿತು. ಕೂಲಿ, ವಸತಿ, ಸಂಘ ಕಟ್ಟುವ ಹಕ್ಕು ಮೊದಲಾದುವು ಅಮೀರಗಿರಿಗೆ ಹೊಸ ವಿಷಯಗಳು. ಕೆಲಸಗಾರರ ಮುಂದಾಳುಗಳನ್ನು ಬಂಧಿಸುವುದು, ಸೈನಿಕರನ್ನು ಇಳಿಸುವುದು ಅದಕ್ಕೆ ಬಲ್ಲ ಮಾರ್ಗ. ಆ ಮಾರ್ಗವನ್ನೇ ಹಿಡಿಯಲಾಯಿತು. ೧೯೫೬ರಲ್ಲಿ ಮತ್ತೆ ಗಲಭೆಯಾದಾಗ ರಾಜಾಜ್ಞೆಯ ಮೂಲಕ ಮುಷ್ಕರವನ್ನೇ ನಿಷೇಧಿಸಲಾಯಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಶಾಂತಿರಕ್ಷಣೆಯು ಅಮೀರನ ಕೈಯಲ್ಲಿ ಉಳಿಯಿತು. ಆದರೆ ಶಾಲೆ, ಆಸ್ಪತ್ರೆ, ರಸ್ತೆ, ನೀರು, ಕೆಲಸಗಾರರ ಕಾನೂನು ಇವೆಲ್ಲವೂ ಒಂದೊಂದಾಗಿ ಕಂಪನಿಯ ಅಥವಾ ರಾಜಧಾನಿಯ ಇಲಾಖೆಗಳ ಕೈಗೆ ಹೋದುವು. ಅಮೀರನು ಪ್ರಾಂತದ ದೊಡ್ಡ ಮನುಷ್ಯನಾಗಿಯೇ ಉಳಿದನು, ಆದರೆ ಪ್ರಾಂತದಲ್ಲಿ ನಡೆಯುತ್ತಿದ್ದ ಕೆಲಸಗಳಲ್ಲಿ ಹೆಚ್ಚಿನವು ಅವನವಾಗಿರಲಿಲ್ಲ.

ಉತ್ತರ ಗಡಿ ಪ್ರಾಂತದ ಕತೆ ಇನ್ನೂ ವಿಚಿತ್ರವಾದುದು. ೧೯೪೭ರಿಂದ ೧೯೫೦ರವರೆಗಿನ ಅವಧಿಯಲ್ಲಿ ಪೂರ್ವ ಕರಾವಳಿಯ ಎಣ್ಣೆಯನ್ನು ಮೆಡಿಟರೇನಿಯನ್ ತೀರದ ಸೈದಾ ಬಂದರಿಗೆ ಸಾಗಿಸಲು ಕೊಳವೆ ಮಾರ್ಗವನ್ನು ಹಾಕಿದರು. ಮಾರ್ಗದಲ್ಲಿದ್ದ ಪಂಪು ಠಾಣೆಗಳ ಸುತ್ತ, ಅಲ್ಲಿ ತೆಗೆದ ನೀರಿಗಾಗಿ, ಅಲೆಮಾರಿಗಳು ಬಂದು ನೆಲೆಸಿದರು, ಠಾಣೆಗಳು ಊರುಗಳಾದುವು. ಇವುಗಳನ್ನು ನೋಡಿಕೊಳ್ಳಲು ನೇಮಕವಾದ ಅಧಿಕಾರಿಗೆ ‘ಕೊಳವೆ ಮಾರ್ಗದ ಮುಹಾಫಿಜ’ನೆಂದೇ ಬಿರುದು. ಬದನಾ ಠಾಣೆಯ ಬಳಿ ಬೆಳೆದ ಅರಾರ್ ಈಗ ಪ್ರಾಂತದ ಮುಖ್ಯ ನಗರ. ದಿಗ್ವಿಜಯದಿಂದ ಹುಟ್ಟದೆ ಎಂಜಿನಿಯರರ ನಕ್ಷೆಯಿಂದ ಹುಟ್ಟಿದ ಪ್ರಾಂತವೆಂದು ಇದನ್ನು ಕರೆಯಬಹುದು.

೧೯೫೧ರಲ್ಲಿ ಒಳಾಡಳಿತ ಮಂತ್ರಾಲಯವು ಪುನಃ ಸ್ಥಾಪಿತವಾಗಿ ಅಮೀರರು ಅದರ ಅಧೀನಕ್ಕೆ ಬಂದರು ಎಂಬುದು ಶಾಸನದ ಮಾತು. ವಾಸ್ತವದಲ್ಲಿ ದೊರೆಯ ಸೋದರನೋ ದಾಯಾದಿಯೋ ಆದ ಅಮೀರನಿಗೆ ಮಂತ್ರಿಯು ಆಜ್ಞೆ ಮಾಡುವುದು ಸುಲಭವಾಗಿರಲಿಲ್ಲ. ೧೯೬೨ರ ನವೆಂಬರಿನಲ್ಲಿ ಫೈಸಲನು ಪ್ರಕಟಿಸಿದ ಹತ್ತು ಅಂಶಗಳ ಕಾರ್ಯಕ್ರಮದಲ್ಲಿ ಪ್ರಾಂತಾಡಳಿತದ ಸುಧಾರಣೆಯೂ ಸೇರಿತ್ತು. ಮರುವರ್ಷವೇ ಪ್ರಾಂತಗಳ ಶಾಸನವೊಂದು ಹೊರಟಿತು; ಪ್ರಾಂತಸಭೆಗಳನ್ನೂ ಅದು ಯೋಚಿಸಿತ್ತು. ಅದು ಆಚರಣೆಗೆ ಬರಲಿಲ್ಲ. ೧೯೭೦ರಲ್ಲಿ ಮೊದಲ ಅಭಿವೃದ್ಧಿ ಯೋಜನೆ ಬಂದಿತು. ೧೯೭೩ರ ಅನಂತರ ಎಣ್ಣೆಯ ಬೆಲೆ ಏರಿ ಹಣವು ಪ್ರವಾಹದಂತೆ ಹರಿಯಿತು. ಹಣವನ್ನು ಹಂಚಿದವು ರಿಯಾದಿನ ಮಂತ್ರಾಲಯಗಳು. ಪ್ರತಿಯೊಂದು ಮಂತ್ರಾಲಯವೂ ಪ್ರಾಂತಗಳಲ್ಲಿ ತನ್ನದೇ ಶಾಖೆಯನ್ನು ತೆರೆಯಿತು. ಒಂದು ಶಾಖೆಯ ಎಲ್ಲೆಗೂ ಇನ್ನೊಂದರ ಎಲ್ಲೆಗೂ ಹೊಂದಿಕೆಯಿಲ್ಲ. ಅಮೀರನ ಎಲ್ಲೆಗಂತೂ ಯಾವುದೂ ಹೊಂದುವಂತಿಲ್ಲ. ೧೯೬೩ರ ಶಾಸನವನ್ನು ಬದಿಗಿಟ್ಟುದರ ಫಲವು ಹೀಗೆ ಮುಂದಿನ ಮೂವತ್ತು ವರ್ಷ ಉಳಿಯಿತೆಂದು ನಮಗೆ ತೋರುತ್ತದೆ.

ಕುವೈತಿನ ಯುದ್ಧವು ಮುಗಿದ ಮೇಲೆ, ೧೯೯೧ರಲ್ಲಿ, ಉದಾರವಾದಿಗಳೂ ಧಾರ್ಮಿಕ ವಿದ್ವಾಂಸರೂ ಬೇರೆ ಬೇರೆಯಾಗಿ ಬಿನ್ನವತ್ತಳೆಗಳನ್ನು ಸಲ್ಲಿಸಿ ಆಡಳಿತದಲ್ಲಿ ಸುಧಾರಣೆ ಬೇಕೆಂದರು. ದೊರೆ ಫಾಹದನು ೧೯೯೨ರ ಮಾರ್ಚ್ ೧ರಂದು ಮೂರು ಶಾಸನಗಳನ್ನು ಒಟ್ಟಿಗೆ ಹೊರಡಿಸಿದನು: ರಾಜ್ಯಾಡಳಿತದ ಮೂಲಶಾಸನ, ಶೂರಾ ಸಭೆಯ ಶಾಸನ, ಪ್ರಾಂತಗಳ ಶಾಸನ. ಹೊರಗಿನವರ ಗಮನವೆಲ್ಲ ಮೊದಲಿನ ಎರಡರ ಮೇಲೆಯೇ ನಿಂತಿತು. ಸಾಮಾನ್ಯ ಪ್ರಜೆಯ ದೈನಂದಿನ ಬಾಳಿಗೆ ಹತ್ತಿರವಾದುದು ಮೂರನೆಯದು.

ಈ ವ್ಯವಸ್ಥೆಯಂತೆ ರಾಜ್ಯದಲ್ಲಿ ಹದಿಮೂರು ಪ್ರಾಂತಗಳು: ರಿಯಾದ್, ಮೆಕ್ಕಾ, ಮದೀನಾ, ಕಸೀಮ್, ಪೂರ್ವ ಪ್ರಾಂತ, ಅಸೀರ್, ತಬೂಕ್, ಹಾಯಿಲ್, ಉತ್ತರ ಗಡಿ, ಜೀಜಾನ್, ನಜ್ರಾನ್, ಬಾಹಾ, ಜೌಫ್. ಇವನ್ನು ಅರಬ್ಬಿಯಲ್ಲಿ ಮಿಂತಕಾ ಎನ್ನುತ್ತಾರೆ. ಪ್ರಾಂತದ ಕೆಳಗೆ ಮುಹಾಫಜಾ, ಅದರ ಕೆಳಗೆ ಮರ್ಕಜ್; ಇವೆರಡರಲ್ಲಿಯೂ ಒಂದನೆಯ ಮತ್ತು ಎರಡನೆಯ ದರ್ಜೆಗಳುಂಟು. ಅಮೀರನು ಮಂತ್ರಿಯ ಪದವಿಯುಳ್ಳವನು. ಅವನ ನೇಮಕವೂ ವಜಾ ಮಾಡುವುದೂ ಒಳಾಡಳಿತ ಮಂತ್ರಿಯ ಶಿಫಾರಸಿನ ಮೇಲೆ ರಾಜಾಜ್ಞೆಯಿಂದಲೇ ಆಗಬೇಕು. ಅಧಿಕಾರ ವಹಿಸುವ ಮೊದಲು ಅವನು ದೊರೆಯ ಮುಂದೆ ಪ್ರಮಾಣ ಮಾಡಬೇಕು. ಒಳಾಡಳಿತ ಮಂತ್ರಿಗೆ ಅವನು ಜವಾಬ್ದಾರ. ಅವನಿಗೆ ಒಬ್ಬ ಉಪ ಅಮೀರನೂ, ಕಚೇರಿಯ ಕೆಲಸಕ್ಕೆ ಒಬ್ಬ ವಕೀಲನೂ ಇರುತ್ತಾರೆ. ಇಲ್ಲಿ ವಕೀಲನೆಂದರೆ ನ್ಯಾಯವಾದಿಯಲ್ಲ, ಪ್ರತಿನಿಧಿಯಾಗಿ ಕೆಲಸ ನಡೆಸುವವನು. ಆ ಪದದ ಮೂಲಾರ್ಥವೂ ಅದೇ. ಒಂದನೆಯ ದರ್ಜೆಯ ಮುಹಾಫಿಜರನ್ನು ಪ್ರಧಾನಮಂತ್ರಿಯೂ, ಎರಡನೆಯ ದರ್ಜೆಯವರನ್ನು ಒಳಾಡಳಿತ ಮಂತ್ರಿಯೂ, ಎರಡನೆಯ ದರ್ಜೆಯ ಮರ್ಕಜಿನ ಮುಖ್ಯಸ್ಥರನ್ನು ಅಮೀರನೂ ನೇಮಿಸುತ್ತಾರೆ. ಪ್ರಧಾನಮಂತ್ರಿಯೆಂಬ ಮಾತನ್ನು ಓದುವಾಗ ಎಚ್ಚರಬೇಕು. ೨೦೨೨ರ ಸೆಪ್ಟೆಂಬರಿನಲ್ಲಿ ಯುವರಾಜ ಮುಹಮ್ಮದ್ ಬಿನ್ ಸಲ್ಮಾನರನ್ನು ಆ ಸ್ಥಾನಕ್ಕೆ ನೇಮಿಸುವ ತನಕ ದೊರೆಯೇ ಪ್ರಧಾನಮಂತ್ರಿಯೂ ಆಗಿದ್ದುದರಿಂದ, ಶಾಸನದಲ್ಲಿ ಬೇರೆ ಬೇರೆಯಾಗಿ ಕಾಣುವ ಎರಡು ಅಧಿಕಾರಗಳು ಅಷ್ಟು ಕಾಲವೂ ಒಬ್ಬರ ಕೈಯಲ್ಲಿಯೇ ಇದ್ದುವು.

ಅಮೀರನು ರಾಜಮನೆತನದವನೇ ಆಗಿರಬೇಕೆಂದು ಶಾಸನವು ಎಲ್ಲಿಯೂ ಹೇಳುವುದಿಲ್ಲ. ಆದರೂ ಇತ್ತೀಚಿನ ದಶಕಗಳಲ್ಲಿ ಪ್ರಾಂತಗಳ ಗದ್ದುಗೆಗಳು ರಾಜಕುಮಾರರಿಗೇ ಸಲ್ಲುತ್ತ ಬಂದಿವೆ. ಫಾಹದನು ದೊರೆಯಾಗಿದ್ದಾಗ, ೧೯೮೫ರಲ್ಲಿ, ಪೂರ್ವ ಪ್ರಾಂತವನ್ನು ಜಿಲುವಿ ಮನೆಯಿಂದ ತಪ್ಪಿಸಿ ತನ್ನ ಮಗ ಮುಹಮ್ಮದನಿಗೆ ಕೊಟ್ಟುದನ್ನು ಇದರ ಒಂದು ಘಟ್ಟವೆಂದು ಎಣಿಸಬಹುದು. ದಾಯಾದಿಗಳ ಮನೆಗಳಿಂದ ದೊರೆಯ ಸ್ವಂತ ಮಕ್ಕಳು ಮೊಮ್ಮಕ್ಕಳ ಕಡೆಗೆ ಅಮೀರಗಿರಿಯು ಸರಿಯಿತು. ರಿಯಾದ್ ಪ್ರಾಂತದಲ್ಲಿ ಸಲ್ಮಾನರು ಮೊದಲು ೧೯೫೫ರಿಂದ ೧೯೬೦ರವರೆಗೆ, ಮತ್ತೆ ೧೯೬೩ರಿಂದ ೨೦೧೧ರವರೆಗೆ ಅಮೀರರಾಗಿದ್ದು, ೨೦೧೫ರ ಜನವರಿಯಲ್ಲಿ ದೊರೆಯಾದರು. ಅವರು ಅಧಿಕಾರ ವಹಿಸಿದಾಗ ಮಣ್ಣಿನ ಗೋಡೆಗಳ ಊರೆನ್ನಬಹುದಾಗಿದ್ದ ರಿಯಾದ್, ಬಿಟ್ಟಾಗ ಅರ್ಧ ಕೋಟಿಯನ್ನು ಮೀರಿದ ಮಹಾನಗರ. ಇಂಥ ಅಮೀರನಿಗೂ ಕಿರಿಯ ಪ್ರಾಂತವೊಂದರ ಅಮೀರನಿಗೂ ಶಾಸನದಲ್ಲಿ ಒಂದೇ ಪದವಿ, ಒಂದೇ ಕರ್ತವ್ಯಪಟ್ಟಿ. ತೂಕವು ಮಾತ್ರ ಒಂದೇ ಅಲ್ಲ.

ಪ್ರಾಂತಗಳ ಗಾತ್ರದಲ್ಲಿಯೂ ಇಂಥ ವ್ಯತ್ಯಾಸವೇ ಇದೆ. ೨೦೨೨ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆ ಸುಮಾರು ೩.೨೨ ಕೋಟಿ. ಅದರಲ್ಲಿ ರಿಯಾದ್ ಪ್ರಾಂತದ್ದು ಸುಮಾರು ೮೬ ಲಕ್ಷ, ಮೆಕ್ಕಾ ಪ್ರಾಂತದ್ದು ೮೦ ಲಕ್ಷ, ಪೂರ್ವ ಪ್ರಾಂತದ್ದು ೫೧ ಲಕ್ಷ. ಉತ್ತರ ಗಡಿ, ಬಾಹಾ ಪ್ರಾಂತಗಳಲ್ಲಿ ತಲಾ ನಾಲ್ಕು ಲಕ್ಷಕ್ಕೂ ಕಡಿಮೆ. ಮೆಕ್ಕಾ ಪ್ರಾಂತದಲ್ಲಿ ಜೆದ್ದಾ ನಗರವು ಮೆಕ್ಕಾಕ್ಕಿಂತ ದೊಡ್ಡದಾದರೂ ಪ್ರಾಂತದ ಹೆಸರೂ ಮುಖ್ಯಸ್ಥಳವೂ ಮೆಕ್ಕಾದವೇ.

ಶಾಸನದಲ್ಲಿ ನಿಜವಾಗಿ ಹೊಸದಾದುದು ಪ್ರಾಂತಸಭೆ. ಅಮೀರನು ಅದರ ಅಧ್ಯಕ್ಷ, ಉಪ ಅಮೀರನು ಉಪಾಧ್ಯಕ್ಷ. ಕಚೇರಿಯ ವಕೀಲನೂ, ಪ್ರಾಂತದಲ್ಲಿರುವ ಸರಕಾರಿ ಶಾಖೆಗಳ ಮುಖ್ಯಸ್ಥರೂ ಸದಸ್ಯರು. ಇವರೊಡನೆ ಜ್ಞಾನ, ಅನುಭವಗಳುಳ್ಳ ಹತ್ತು ಮಂದಿಗೆ ಕಡಿಮೆಯಿಲ್ಲದ ಪ್ರಜೆಗಳು ನಾಲ್ಕು ವರ್ಷಗಳ ಅವಧಿಗೆ ನೇಮಕಗೊಳ್ಳುತ್ತಾರೆ; ಅವರು ಮೂವತ್ತು ವರ್ಷ ತುಂಬಿದವರೂ ಆ ಪ್ರಾಂತದ ನಿವಾಸಿಗಳೂ ಆಗಿರಬೇಕು. ವರ್ಷಕ್ಕೆ ನಾಲ್ಕು ಸಾಮಾನ್ಯ ಅಧಿವೇಶನಗಳು. ಪ್ರಾಂತದ ಅಗತ್ಯಗಳನ್ನು ಗೊತ್ತುಮಾಡಿ ರಾಷ್ಟ್ರೀಯ ಯೋಜನೆಯಲ್ಲಿ ಸೇರಿಸಬೇಕೆಂದು ಸೂಚಿಸುವುದು, ಉಪಯುಕ್ತವಾದ ಕಾಮಗಾರಿಗಳನ್ನು ಅಗತ್ಯದ ಕ್ರಮದಲ್ಲಿ ಜೋಡಿಸುವುದು, ಊರುಗಳ ನಕ್ಷೆಯನ್ನು ಪರಿಶೀಲಿಸುವುದು, ಮಂಜೂರಾದ ಕೆಲಸಗಳ ಬೆನ್ನು ಹತ್ತುವುದು ಇವು ಅದರ ಅಧಿಕಾರಗಳು.

ಇಲ್ಲಿಯ ಕ್ರಿಯಾಪದಗಳನ್ನು ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು. ಸೂಚಿಸುವುದು, ಪರಿಶೀಲಿಸುವುದು, ಜೋಡಿಸುವುದು ಇವೆ. ತೆರಿಗೆ ಹಾಕುವುದು, ವೆಚ್ಚ ಮಾಡುವುದು, ಗೊತ್ತುವಳಿಯನ್ನು ಇಲಾಖೆಯ ಮೇಲೆ ಕಡ್ಡಾಯಗೊಳಿಸುವುದು ಇಲ್ಲ. ಸಭೆಯು ತನ್ನ ವ್ಯಾಪ್ತಿಯನ್ನು ಮೀರಿ ಮಾಡಿದ ನಿರ್ಣಯವು ಅಸಿಂಧು; ಹಾಗೆಂದು ಸಾರುವವನು ಒಳಾಡಳಿತ ಮಂತ್ರಿ. ಹಾಗೆಂದು ಸಭೆಯನ್ನು ನಿಷ್ಪ್ರಯೋಜಕವೆಂದು ತಳ್ಳಿಹಾಕುವುದು ಸರಿಯಲ್ಲ. ಮೂವತ್ತು ವರ್ಷಗಳಿಂದ ಒಬ್ಬರ ಮುಖವನ್ನೊಬ್ಬರು ನೋಡದೆ ತಮ್ಮ ತಮ್ಮ ಮಂತ್ರಾಲಯಕ್ಕೆ ಮಾತ್ರ ಬರೆದುಕೊಳ್ಳುತ್ತಿದ್ದ ಶಾಖಾಧಿಕಾರಿಗಳನ್ನು ಅದು ಒಂದು ಮೇಜಿನ ಸುತ್ತ ಕೂರಿಸಿತು. ಶಾಲೆಯ ಕಟ್ಟಡ ಒಂದೆಡೆ, ಅದಕ್ಕೆ ಹೋಗುವ ರಸ್ತೆ ಇನ್ನೊಂದೆಡೆ ಆಗದಂತೆ ನೋಡಿಕೊಳ್ಳುವುದೂ ಆಡಳಿತದ ಒಂದು ಗುಣವೇ. ಆದರೆ ಅಲ್ಲಿ ಕುಳಿತ ಅಧಿಕಾರಿಯ ಬಡ್ತಿ, ವರ್ಗ, ಅನುದಾನ ಎಲ್ಲವೂ ರಿಯಾದಿನಿಂದ ಬರುವುದರಿಂದ ಅವನ ನಿಷ್ಠೆಯು ಮೇಜಿನ ಸುತ್ತ ಹರಿಯದೆ ರಾಜಧಾನಿಯ ಕಡೆಗೇ ಹರಿಯುತ್ತದೆ. ಅಮೀರನು ಪ್ರಜೆಗಳಿಗೆ ಉತ್ತರ ಹೇಳುವ ಬಗೆಯು ಶಾಸನದಲ್ಲಿ ಇಲ್ಲ; ಅದು ಹಳೆಯ ಮಜ್ಲಿಸಿನಲ್ಲಿದೆ. ನಿಯತ ದಿನಗಳಲ್ಲಿ ಅಮೀರನು ಒಡ್ಡೋಲಗ ಕೊಡುತ್ತಾನೆ. ದೂರುಳ್ಳವನು ಅರ್ಜಿಯನ್ನು ತಾನೇ ಅವನ ಕೈಗೆ ಕೊಡಬಹುದು. ದೊರೆಯ ಮತ್ತು ಯುವರಾಜನ ಮಜ್ಲಿಸುಗಳು ಪ್ರತಿಯೊಬ್ಬ ಪ್ರಜೆಗೂ ತೆರೆದಿರತಕ್ಕವೆಂದು ೧೯೯೨ರ ಮೂಲಶಾಸನದ ನಲವತ್ತಮೂರನೆಯ ವಿಧಿಯೂ ಹೇಳುತ್ತದೆ. ಈ ಪದ್ಧತಿಯಲ್ಲಿ ಬಡವನಿಗೂ ಒಂದು ಬಾಗಿಲಿದೆಯೆಂಬುದನ್ನು ಒಪ್ಪಬೇಕು. ಆದರೆ ಅರ್ಜಿಗೆ ದೊರೆಯುವುದು ಅನುಗ್ರಹ. ಹಕ್ಕಿಗೆ ದೊರೆಯುವುದು ನಿರ್ಣಯ. ಎರಡೂ ಒಂದೇ ಎಂದು ತಿಳಿಯಲಾಗದು.

ಕೆಳಗಿನ ಹಂತದ ಬಗ್ಗೆ ಸಂಕ್ಷೇಪವಾಗಿ ಹೇಳಿದರೆ ಸಾಕು. ಪಟ್ಟಣಗಳ ಕೇರಿಗಳಲ್ಲಿ ‘ಉಮ್ದಾ’ ಎಂಬ ಮುಖ್ಯಸ್ಥನಿದ್ದಾನೆ. ನಿವಾಸಿಗಳ ಗುರುತು, ನಡತೆಗಳನ್ನು ದೃಢೀಕರಿಸಿ ಪೋಲೀಸಿಗೆ ನೆರವಾಗುವುದು ಅವನ ಕೆಲಸ. ಕುಲಗಳ ಶೇಖರು ಇಂದಿಗೂ ಅಮೀರನ ಕಚೇರಿಗೂ ತಮ್ಮ ಜನಕ್ಕೂ ನಡುವಣ ಕೊಂಡಿಗಳು.

ಪುರಸಭೆಗಳದು ಬೇರೆಯೇ ಸರಣಿ. ದೊಡ್ಡ ನಗರಗಳ ಆಡಳಿತವನ್ನು ‘ಅಮಾನಾ’ ಎನ್ನುತ್ತಾರೆ, ಅದರ ಮುಖ್ಯಸ್ಥನು ‘ಅಮೀನ’. ನಮ್ಮ ಕೋರ್ಟಿನ ಅಮೀನನಿಗೆ ಪದಬಂಧುವಾದರೂ ಅಧಿಕಾರದಲ್ಲಿ ಬಹು ದೊಡ್ಡವನು. ಸಣ್ಣ ಊರುಗಳಿಗೆ ‘ಬಲದಿಯಾ’. ೧೯೭೫ರಲ್ಲಿ ಇವಕ್ಕಾಗಿ ಬೇರೆ ಮಂತ್ರಾಲಯವಾದ ಮೇಲೆ ಪುರಸಭೆಯು ಒಳಾಡಳಿತದ ಸರಣಿಯಿಂದ ಕಳಚಿಕೊಂಡಿತು. ೧೯೭೭ರ ಶಾಸನವು ಪುರಸಭೆಗಳ ಸದಸ್ಯರಲ್ಲಿ ಅರ್ಧದಷ್ಟು ಮಂದಿ ಚುನಾಯಿತರಾಗಿರಬೇಕೆಂದು ವಿಧಿಸಿತು. ಇದು ಆ ನಾಡಿಗೆ ತೀರ ಹೊಸತೂ ಅಲ್ಲ. ಹಿಜಾಜಿನ ಕೆಲವು ನಗರಗಳಲ್ಲಿ ೧೯೨೦ರ ದಶಕದಿಂದ ಚುನಾವಣೆಗಳು ನಡೆದು ಅನಂತರ ನಿಂತುಹೋಗಿದ್ದುವು. ಆದರೆ ೧೯೭೭ರ ವಿಧಿಯು ಇಪ್ಪತ್ತೆಂಟು ವರ್ಷ ಮಲಗಿತ್ತು. ೨೦೦೫ರ ಫೆಬ್ರವರಿಯಿಂದ ಏಪ್ರಿಲಿನವರೆಗೆ ಮೂರು ಹಂತಗಳಲ್ಲಿ ೧೭೮ ಪುರಸಭೆಗಳಿಗೆ ಚುನಾವಣೆ ನಡೆಯಿತು. ಇಪ್ಪತ್ತೊಂದು ವರ್ಷ ತುಂಬಿದ ಗಂಡಸರಿಗೆ ಮಾತ್ರ ಮತ. ಎರಡನೆಯ ಚುನಾವಣೆಯನ್ನು ಎರಡು ವರ್ಷ ಮುಂದೂಡಿ ೨೦೧೧ರ ಸೆಪ್ಟೆಂಬರಿನಲ್ಲಿ ನಡೆಸಲಾಯಿತು. ಮೂರನೆಯದು ೨೦೧೫ರ ಡಿಸೆಂಬರ್ ೧೨ರಂದು. ಆ ವೇಳೆಗೆ ಚುನಾಯಿತರ ಪಾಲು ಮೂರರಲ್ಲಿ ಎರಡಕ್ಕೆ ಏರಿತ್ತು, ಮತದಾರರ ವಯಸ್ಸು ಹದಿನೆಂಟಕ್ಕೆ ಇಳಿದಿತ್ತು, ಸ್ತ್ರೀಯರಿಗೆ ಮತವೂ ಅಭ್ಯರ್ಥಿಗಳಾಗುವ ಹಕ್ಕೂ ದೊರೆತಿದ್ದುವು. ಸುಮಾರು ೨,೧೦೦ ಚುನಾಯಿತ ಸ್ಥಾನಗಳಲ್ಲಿ ಇಪ್ಪತ್ತರಷ್ಟನ್ನು ಸ್ತ್ರೀಯರು ಗೆದ್ದರು. ಸಂಖ್ಯೆಯು ಅಲ್ಪವೇ, ಆದರೂ ಆ ರಾಜ್ಯದ ಚರಿತ್ರೆಯಲ್ಲಿ ಸ್ತ್ರೀಯು ಮತಪೆಟ್ಟಿಗೆಯ ಮೂಲಕ ಅಧಿಕಾರಕ್ಕೆ ಬಂದ ಮೊದಲ ಸ್ಥಳವು ಶೂರಾ ಸಭೆಯೂ ಅಲ್ಲ, ಪ್ರಾಂತಸಭೆಯೂ ಅಲ್ಲ, ಪುರಸಭೆ ಎಂಬುದನ್ನು ಮರೆಯಬಾರದು. ಅಮೀರನ ಸರಣಿಯ ಯಾವ ಹಂತದಲ್ಲಿಯೂ ಚುನಾವಣೆಗೆ ಎಡೆಯಿಲ್ಲ.

ಈ ಎಲ್ಲ ವ್ಯವಸ್ಥೆಯೂ ಪ್ರಜೆಗಳಿಗೆ ಸಂಬಂಧಿಸಿದ್ದು. ೨೦೨೨ರ ಗಣತಿಯಲ್ಲಿ ನಿವಾಸಿಗಳ ಪೈಕಿ ನೂರಕ್ಕೆ ಸುಮಾರು ೪೨ರಷ್ಟು ಮಂದಿ ಪ್ರಜೆಗಳಲ್ಲದ ಹೊರದೇಶದವರು. ದಮ್ಮಾಮ್, ಜುಬೈಲ್, ಜೆದ್ದಾಗಳಲ್ಲಿ ದುಡಿಯುವ ನಮ್ಮ ಕರ್ನಾಟಕ ಕರಾವಳಿಯ ಜನರೂ ಇವರಲ್ಲಿ ಸೇರಿದ್ದಾರೆ. ಪುರಸಭೆಯು ಹಾಕಿದ ರಸ್ತೆಯಲ್ಲಿ ಅವರೂ ನಡೆಯುತ್ತಾರೆ, ಆದರೆ ಅದರ ಸಭೆಗೆ ಅವರ ಮತವಿಲ್ಲ. ಅವರಿಗೆ ಸರಕಾರವೆಂದರೆ ವಾಸದ ಪರವಾನಗಿಯಾದ ‘ಇಖಾಮಾ’ ಕೊಡುವ ಕಚೇರಿ, ಅದು ಒಳಾಡಳಿತ ಮಂತ್ರಾಲಯದ್ದು.

ಇನ್ನೊಂದು ಬೆಳವಣಿಗೆಯನ್ನು ಹೇಳಬೇಕಾಗಿದೆ. ಪ್ರಾಂತಕ್ಕೂ ಇಲಾಖೆಗೂ ಸಲ್ಲದ ಮೂರನೆಯ ಬಗೆಯ ಅಧಿಕಾರವು ೧೯೭೫ರಲ್ಲಿ ಜುಬೈಲ್ ಮತ್ತು ಯಾನ್ಬು ಕೈಗಾರಿಕಾ ನಗರಗಳಿಗಾಗಿ ರಚಿತವಾದ ರಾಜ ಆಯೋಗದಿಂದ ಪ್ರಾರಂಭವಾಯಿತು. ಒಂದು ಊರು ಪೂರ್ವ ಕರಾವಳಿಯಲ್ಲಿ, ಇನ್ನೊಂದು ಪಶ್ಚಿಮ ಕರಾವಳಿಯಲ್ಲಿ; ಎರಡಕ್ಕೂ ಆಯೋಗ ಒಂದೇ. ತನ್ನದೇ ಹಣ, ತನ್ನದೇ ಎಂಜಿನಿಯರರು, ದೊರೆಯ ಕಡೆಗೆ ತನ್ನದೇ ದಾರಿ ಉಳ್ಳ ಈ ಸಂಸ್ಥೆಯು ಮಂತ್ರಾಲಯಗಳ ಮಂದಗತಿಯನ್ನು ತಪ್ಪಿಸಿತೆಂಬುದು ನಿಜ. ಇತ್ತೀಚೆಗೆ ಇಂಥ ಆಯೋಗಗಳು ಹೆಚ್ಚಿವೆ: ೨೦೧೭ರಲ್ಲಿ ಅಲ್ ಉಲಾಕ್ಕೆ ಒಂದು, ೨೦೧೮ರಲ್ಲಿ ಮೆಕ್ಕಾ ನಗರಕ್ಕೂ ಪವಿತ್ರ ಸ್ಥಳಗಳಿಗೂ ಒಂದು. ತಬೂಕ್ ಪ್ರಾಂತದಲ್ಲಿ ‘ನಿಯೋಮ್’ ಎಂಬ ಹೊಸ ನಗರವನ್ನು ಕಟ್ಟಲು ೨೦೧೯ರಲ್ಲಿ ಕಂಪನಿಯೇ ಸ್ಥಾಪಿತವಾಯಿತು. ನಂಬಿಕೆಯ ಒಬ್ಬನಿಗೆ ಒಂದು ಪ್ರದೇಶವನ್ನು ಒಪ್ಪಿಸಿ ಅವನನ್ನು ನೇರವಾಗಿ ದೊರೆಗೆ ಉತ್ತರವಾದಿಯನ್ನಾಗಿ ಮಾಡುವ ೧೯೧೩ರ ಕ್ರಮವನ್ನೇ ಇದು ನೆನಪಿಗೆ ತರುತ್ತದೆಂದರೆ ಅತ್ಯುಕ್ತಿಯಾಗಲಾರದು. ಅಲ್ ಉಲಾ ಶಾಸನದಂತೆ ಮದೀನಾ ಪ್ರಾಂತದ ಒಂದು ಮುಹಾಫಜಾ. ಅದರ ಮುಹಾಫಿಜನು ಮದೀನಾದ ಅಮೀರನ ಕೈಕೆಳಗಿನವನು. ಆದರೆ ಅಲ್ಲಿಯ ಪ್ರಾಚೀನ ಗೋರಿಗಳ ರಕ್ಷಣೆ, ಊರಿನ ನಕ್ಷೆ, ಪ್ರವಾಸಿಗಳ ವಸತಿಗಳ ಹೊಣೆಯು ಆಯೋಗದ್ದು. ಇಂಥ ಆಯೋಗವೂ ಅಮೀರನೂ ಒಂದೇ ನೆಲದಲ್ಲಿ ಭಿನ್ನಾಭಿಪ್ರಾಯಕ್ಕೆ ಬಂದರೆ ಯಾರ ಮಾತು ನಡೆಯಬೇಕೆಂಬ ಬಗ್ಗೆ ೧೯೯೨ರ ಪ್ರಾಂತಶಾಸನದಲ್ಲಿ ಯಾವ ವಿಧಿಯೂ ಇಲ್ಲ.